ಮೋಡಕ್ಕೆ ಅಡ್ಡ ಮಲಗಿದ ಹೋರಿ

ಬಲು ಹಿಂದೆ, ಬೆಟ್ಟಗಳಿಗೂ ಉಸಿರಿದ್ದ ಕಾಲದಲ್ಲಿ, ಹೊಂಬಯಲು ಅಂತ ಒಂದು ರಾಜ್ಯವಿತ್ತು. ಈಗಿನದೆಲ್ಲ ಏನು ಮಳೆ ಬಿಡಿ! ಅಲ್ಲಿ ಮಳೆ ಬಂದರೆ ಎಮ್ಮೆ ಮುಳುಗುವಷ್ಟು ಹುಲ್ಲು. ಪಡುವಣ ಕಡಲಿನ ಮೋಡಗಳು ನೀರು ಹೊತ್ತು ನೆಟ್ಟಗೆ ಅಲ್ಲಿಗೇ ಬರುತ್ತಿದ್ದವು.

ಪಡುವಣದ ಮಾಂತ್ರಿಕ ಕಡುಮಾಯನಿಗೆ ಇದನ್ನು ಸಹಿಸಲಾಗಲಿಲ್ಲ. ಮಾಯದ ಹೋರಿಯೊಂದನ್ನು ಮೋಡಗಳ ದಾರಿಗೆ ಅಡ್ಡ ಮಲಗಿಸಿ, ಬೆಟ್ಟದಷ್ಟು ಬೆಳೆಸಿ, ಅದರ ಕೊಂಬುಗಳ ನಡುವೆ ಅರಮನೆ ಕಟ್ಟಿಕೊಂಡ. ಮೋಡಗಳು ಹೋರಿಯ ಬೆನ್ನೇರಬೇಕಾಯಿತು. ಏರಿದಷ್ಟೂ ಚಳಿ; ಚಳಿಗೆ ಹೊತ್ತ ನೀರೆಲ್ಲ ಅತ್ತಲೇ ಸುರಿದುಹೋಯಿತು. ಇತ್ತ ಇಳಿದದ್ದು ಬರೀ ಗಾಳಿ. ಅದು ಇಳಿದಿಳಿದು ಬಿಸಿಯಾಗಿ, ನೆಲದ ಹಸಿಯನ್ನೂ ನೆಕ್ಕಿತು. ಹೊಂಬಯಲು ಮರಳಾಯಿತು.

ಜನ ಊರು ಬಿಡಲು ಗಂಟು ಕಟ್ಟಿದರು. ದನ ಕಾಯುವ ಗಾದಿಲಿಂಗನ ಅಜ್ಜಿ ನಿಂಗವ್ವ ಮಾತ್ರ ಕದಲಲಿಲ್ಲ. ಹಿಂದಿನ ಮಳೆಗಳನ್ನೇ ನೆನೆಯುತ್ತಾ ಕೂತಳು. ಮೊದಲ ಹನಿಗೆ ಏಳುತ್ತಿದ್ದ ಮಣ್ಣಿನ ಘಮ, ರಾತ್ರಿಯೆಲ್ಲ ಕಪ್ಪೆಗಳ ಗದ್ದಲ, ಸೆರಗು ಹೊದ್ದು ಓಡುತ್ತಿದ್ದ ಗೆಳತಿಯರು.

"ಸೂರಿನ ಹನಿ ಕೇಳದೆ ನಾ ಎಲ್ಲಿಗೂ ಬರಲ್ಲ, ಕೂಸೇ" ಅಂದಳು.

ಗಾದಿಲಿಂಗ ಮೀಸೆ ತಿರುವಿದ. ನಮ್ಮ ಸೀಮೆಯ ಗಂಡು ನೋಡಿ, ಆ ಹೋರಿಯನ್ನು ಕರುವಿನ ಹಾಗೆ ಎಬ್ಬಿಸುತ್ತೇನೆಂದು ಊರಿಗೆಲ್ಲ ಸಾರಿ ಹೊರಟ. ಕಡುಮಾಯ ನಕ್ಕು, ಮೂರು ಸಲ ಯತ್ನಿಸು, ಸೋತರೆ ಇಲ್ಲೇ ಕಲ್ಲಾಗು ಅಂದ.

ಗಾದಿಲಿಂಗ ಮೊದಲು ಬಾರುಕೋಲಿನಿಂದ ಬಾರಿಸಿದ. ಹೋರಿ ಸಿಟ್ಟಿಗೆ ಬೆನ್ನುಬ್ಬಿಸಿತು. ಬೆಟ್ಟ ಇನ್ನೂ ಎತ್ತರವಾಯಿತು. ಆಮೇಲೆ ಮೂಗುದಾರ ಹಾಕಿ ಊರಿನ ಎತ್ತುಗಳಿಂದ ಎಳೆಸಿದ. ಹೋರಿ ಒಮ್ಮೆ ಬುಸುಗುಟ್ಟಿದ್ದಕ್ಕೆ ಎತ್ತುಗಳೆಲ್ಲ ಉರುಳಿದವು. ಬೆಟ್ಟ ಮತ್ತೂ ಎತ್ತರವಾಯಿತು.

"ಏನಪ್ಪಾ ಗಂಡುಗಲಿ, ಕಲ್ಲಾಗೋಕೆ ಜಾಗ ನೋಡ್ಕೊಂಡ್ಯಾ?" ಅಂತ ಕಡುಮಾಯ ಮೇಲಿನಿಂದ ಕೂಗಿದ.

ಸೋತು ಗಾದಿಲಿಂಗ ಹೋರಿಯ ಕೊರಳ ಪಕ್ಕ ಕುಸಿದ. ಕತ್ತಿನ ಕೆಳಗೆ ಜೋತ ಗಂಗೆದೊಗಲಿನ ತುಂಬ ಧೂಳು, ನೊಣ. ದನದ ಪಕ್ಕ ಕೂತರೆ ನಮ್ಮವರ ಕೈ ಸುಮ್ಮನಿರುತ್ತದೆಯೇ? ಹೋರಾಡಲು ಬಂದದ್ದೇ ಮರೆತು ಕೆರೆಯತೊಡಗಿದ.

"ನಿನ್ನ ಯಾರೂ ಮುಟ್ಟೇ ಇಲ್ವೇನೋ, ರಾಜಾ?"

ಹೋರಿ ಕಣ್ಣು ಮುಚ್ಚಿತು. ಉಬ್ಬಿದ ಬೆನ್ನು ಇಳಿಯಿತು. ಇನ್ನೂ ಕೆರೆ ಅನ್ನುವಂತೆ ಕೊರಳನ್ನು ನೀಳವಾಗಿ ನೆಲಕ್ಕೆ ಚಾಚಿತು. ಕೊಂಬು ಬಾಗಿದ್ದೇ ತಡ, ಅರಮನೆ ಜಾರಿ ಕಡುಮಾಯ ತಾನು ಕದ್ದ ಮಳೆಯ ಕೆಸರಿಗೇ ಬಿದ್ದ. ಎದ್ದು ಓಡಿದವನು ಮತ್ತೆ ಕಾಣಲಿಲ್ಲ.

ಕೊರಳ ಮೇಲೆ ತಗ್ಗಾದ ಕಣಿವೆ ತೆರೆಯಿತು. ಮೋಡಗಳು ಏರದೆ, ನಡುಗದೆ, ತುಂಬಿದ ಹೊರೆಯೊಂದಿಗೆ ದಾಟಿ ಬಂದವು. ನಿಂಗವ್ವ ಸೂರಿನ ಕೆಳಗೆ ಕಾಲು ಚಾಚಿ ಕೂತು, ಒಳಗೆ ಬಾ ಅಂದವರನ್ನೆಲ್ಲ ಬೈದಳು.

ಬೆನ್ನ ಮೇಲೆ ಇನ್ನೂ ಎತ್ತರಕ್ಕೆ ಉಬ್ಬಿದ್ದ ಹಿಣಿಲಿನ ಹಿಂದಿನ ನೆಲ ಮಾತ್ರ ಒಣಗಿಯೇ ಉಳಿಯಿತು. ಊರವರು ಅಲ್ಲಿ ಕಾಳು ಒಣಗಿಸಿಕೊಂಡು, ಹೋಗುತ್ತಾ ಬರುತ್ತಾ ಹೋರಿಯ ಕೊರಳು ಕೆರೆಯುತ್ತಾ, ಹೊಟ್ಟೆ ತುಂಬ ಉಂಡು ಬಾಳಿದರು.