ಸೋರುವ ಸಮುದ್ರ

ಒಂದು ಊರಿತ್ತು. ಆ ಊರಿಗೆ ಸಮುದ್ರ ಗೊತ್ತಿರಲಿಲ್ಲ, ಸಮುದ್ರಕ್ಕೂ ಆ ಊರು ಗೊತ್ತಿರಲಿಲ್ಲ. ಆ ಊರಿನಲ್ಲೊಬ್ಬ ಹುಡುಗಿ. ಅವಳು ಒಂದು ದಿನ, ಎಲ್ಲರ ಎದುರಿಗೇ, ಸಮುದ್ರವನ್ನು ಕೇಳಿಬಿಟ್ಟಳು...

ಯಾವ ಕಾಲದ ಮಾತು ಅಂತೀರಾ? ಭಾಳ ಹಿಂದಿನದೇನಲ್ಲ. ರಾಜ-ರಾಣಿ ಹೋಗಿಯಾಗಿತ್ತು. ಆ ಊರು, ರೋಣ, ಇನ್ನೂ ಮುಂಬೈ ಸರಕಾರದ ಕೈಯಲ್ಲಿತ್ತು. ಗದಗಿನ ಬಸ್ಸು ಬಂತೆಂದರೆ ಸಂತೆಯ ಜೋಳದ ರಾಶಿಯ ಮೇಲೆಲ್ಲ ಧೂಳು ಕೂರುತ್ತಿತ್ತು.

ಹುಡುಗಿಯ ಹೆಸರು ಕಳಕವ್ವ. ಅವ್ವ-ಅಪ್ಪ ಇಲ್ಲ. ಇದ್ದವಳು ಆಯಿ ಒಬ್ಬಳೇ, ಅಜ್ಜಿ ಹುಚ್ಚವ್ವ. ಜತೆಗೆ ಆಯಿ ಹೇಳುವ ಏಳು ಸಮುದ್ರದಾಚೆಯ ಕತೆಗಳು.

ಅವತ್ತು ಕಳಕವ್ವನನ್ನು ನೋಡಲು ಪಕ್ಕದೂರು ಅಸೂಟಿಯ ಹಾಲಸಿದ್ದಪ್ಪ ಬಂದಿದ್ದ. ಮನೆತನದವರೆಲ್ಲ ಕುರಿ ಕಾಯುವವರು. ಇವನೊಬ್ಬ ಮಾತ್ರ ಕಾರವಾರದ ಬಂದರಿಗೆ ಹೋಗಿ ಲಾಂಚಿನ ಯಂತ್ರ ರಿಪೇರಿ ಕಲಿತವ.

"ಹುಡುಗೀನ ಏನರ ಕೇಳೂದಿದ್ರ ಕೇಳಪಾ," ಅಂದಳು ಆಯಿ.

ಹುಡುಗ ತಲೆ ಎತ್ತಲಿಲ್ಲ. ಮಾತಾಡಿದ್ದು ಹುಡುಗಿ!

"ಸಮುದ್ರ ಹ್ಯಾಂಗಿರತೈತ್ರಿ?"

ಆಯಿಯ ಬಾಯಲ್ಲಿ ಎಲೆಅಡಿಕೆ ನಿಂತುಹೋಯಿತು. ಹುಡುಗನ ಅಣ್ಣ ಕೆಮ್ಮಿದ. ನೋಡಲು ಬಂದವರನ್ನು ಹುಡುಗಿ ಪ್ರಶ್ನೆ ಕೇಳುವುದೆಂದರೇನು!

ಹಾಲಸಿದ್ದಪ್ಪ ಮೆಲ್ಲಗೆ ಕಣ್ಣೆತ್ತಿದ. "ಹೇಳಾಕ ಬರಂಗಿಲ್ರಿ."

"ಅಷ್ಟ ವರ್ಷ ಅಲ್ಲೇ ಇದ್ದೂ?"

"ಹೇಳಾಕ ಬರಂಗಿಲ್ಲ ಅಂದೆ. ತೋರಸಾಕ ಬರಂಗಿಲ್ಲ ಅನ್ಲಿಲ್ಲ."

ಕಳಕವ್ವನ ಎದೆಯಲ್ಲಿ ಏನೋ ಒಂದು ತುಳುಕಿತು...

ದಸರೆಯ ಬನ್ನಿ ಹಬ್ಬ ಮುಗಿದು ಸ್ವಲ್ಪ ದಿನಕ್ಕೆ ಅವನು ಮತ್ತೆ ಬಂದ. ಬಸ್ಸಿನ ಮೇಲೆ ಗೋಣಿತಟ್ಟು ಸುತ್ತಿದ ದೊಡ್ಡದೊಂದು ಗಾಜಿನ ಪೆಟ್ಟಿಗೆ. ಕಬ್ಬಿಣದ ಪಟ್ಟಿಯ ಚೌಕಟ್ಟು, ನಾಲ್ಕೂ ಕಡೆ ಗಾಜು. ಜತೆಗೆ ತಗಡಿನ ಡಬ್ಬಿಗಳಲ್ಲಿ ಉಪ್ಪುನೀರು, ಬಾಯಿಗೆ ಬಟ್ಟೆ ಕಟ್ಟಿದ ಒಂದು ಮಣ್ಣಿನ ಗಡಿಗೆ.

ಬಸ್ ನಿಲ್ದಾಣದ ಹಮಾಲ ಜಂಗ್ಲಿಸಾಬ ಅದನ್ನು ಇಳಿಸುತ್ತ ಕೇಳಿದ್ದ, "ಏ ತಮ್ಮಾ, ಇದರಾಗ ಏನ ತುಂಬೀಯೋ?"

"ಸಮುದ್ರ, ಚಾಚಾ."

"ಯಾ ಅಲ್ಲಾ! ಮೊದಲs ಹೇಳಬಾರದ? ಧೋತರ ಮ್ಯಾಲ ಕಟ್ಟಿ ಇಳಸತಿದ್ದೆ!"

ಜಂಗ್ಲಿಸಾಬ ಕಳಕವ್ವನ ಮನೆಯ ಪಕ್ಕದವನೇ. ಪೆಟ್ಟಿಗೆಯನ್ನು ಅವನೇ ಹೊತ್ತು ತಂದು ಪಡಸಾಲೆಯಲ್ಲಿಟ್ಟ. ನೀರು ಸುರಿದರು. ಗಡಿಗೆಯಿಂದ ಎರಡು ಮೀನು ಇಳಿದವು. ಚಪ್ಪಟೆಯಾಗಿ, ಬಿಲ್ಲೆಯಂತೆ ದುಂಡಗೆ, ಮೈತುಂಬ ಕಪ್ಪು ಚುಕ್ಕಿ.

"ಹೊಳಿ ಸಮುದ್ರಕ್ಕ ಕೂಡೂ ಜಾಗದ ಮೀನ ಇವು," ಅಂದ ಹಾಲಸಿದ್ದಪ್ಪ. "ಉಪ್ಪ ಒಂಚೂರು ಹೆಚ್ಚಕಡಿಮಿ ಆದ್ರೂ ತಡಕೋತಾವ."

ಕಳಕವ್ವ ಗಾಜಿಗೆ ಹಣೆ ಹಚ್ಚಿದಳು. ಒಂದು ಮೀನು ಬಂದು ಅವಳ ಕಣ್ಣನ್ನೇ ನೋಡಿತು. ಅವಳಿಗೆ ಅಳು ಬಂತು. ಇಷ್ಟು ದೂರದಿಂದ ನನಗಾಗಿ ಬಂದವರು ಯಾರಾದರೂ ಇದ್ದಾರಾ?

ಅಷ್ಟರಲ್ಲಿ... ಟಪ್.

ಪೆಟ್ಟಿಗೆಯ ಮೂಲೆಯಿಂದ ಒಂದು ಹನಿ. ಆಮೇಲೆ ಇನ್ನೊಂದು.

ಹಾಲಸಿದ್ದಪ್ಪನ ಮುಖ ಸಣ್ಣದಾಯಿತು. "ಅವಸರ ಮಾಡಿದೆ... ಸೀಮೆಸುಣ್ಣದ ಪುಡಿಗೆ ಅಗಸಿ ಎಣ್ಣಿ ಹಾಕಿ ನಾದಿ ಗಾಜ ಕೂಡಸ್ತೀವಿ. ಆ ಹಿಟ್ಟು ಒಣಗಾಕ ಭಾಳ ದಿನ ಬೇಕು. ನಾ ಕಾಯಲಿಲ್ಲ."

ಆಯಿ ಸೊಂಟದ ಮೇಲೆ ಕೈ ಇಟ್ಟಳು. "ನೋಡಪಾ, ಸೋರೂ ಸಮುದ್ರ ತಂದವಗ ನಾ ಹುಡುಗೀನ ಕೊಡಂಗಿಲ್ಲ. ಮೊದಲ ಸೋರೂದ ನಿಲ್ಲಸು. ಮದಿವಿ ಅಕ್ಕಿಕಾಳ ಆಮ್ಯಾಲ!"

"ನಿಲ್ಲಸ್ತೀನಿ, ಆಯಿ. ಎಳ್ಳ ಅಮಾಸಿ ಒಳಗ ಹೊಸಾ ಹಿಟ್ಟ ನಾದ್ಕೊಂಡು ಬರ್ತೀನಿ. ಇದು ನನ್ನ ಮಾತು." ಅವನು ಕಳಕವ್ವನ ಕಡೆ ತಿರುಗಿದ. "ಅಲ್ಲೀತನಕ ಮೀನ ಉಳಸ್ತೀರಿ?"

"ಉಳಸ್ತೀನ್ರಿ."

ಅಷ್ಟೇ ಮಾತು. ಅವನು ಹೋದ.

ಆಮೇಲೆ ಮನೆಯಲ್ಲಿ ಉಳಿದದ್ದು ಆ ಹನಿಯ ಸದ್ದು.

ಆಯಿ ಬೆಳಿಗ್ಗೆಯೇ ಕೂಲಿಗೆ ಹೋಗಿಬಿಡುತ್ತಿದ್ದಳು. ಓರಗೆಯ ಗೆಳತಿಯರೆಲ್ಲ ಮದುವೆಯಾಗಿ ಗಜೇಂದ್ರಗಡ, ಮುಶಿಗೇರಿ ಸೇರಿದ್ದರು. ಮಧ್ಯಾಹ್ನ ಓಣಿಯಲ್ಲಿ ನಾಯಿ ಸಹ ಬೊಗಳುತ್ತಿರಲಿಲ್ಲ. ಕಳಕವ್ವ ಮೂಲೆಯ ಕೆಳಗೆ ಬೋಗುಣಿ ಇಟ್ಟು, ತುಂಬಿದ ನೀರನ್ನು ಮತ್ತೆ ಪೆಟ್ಟಿಗೆಗೇ ಸುರಿಯುತ್ತಿದ್ದಳು. ಸುರಿದ ನೀರು ಮತ್ತೆ ಸೋರುತ್ತಿತ್ತು.

ಟಪ್... ಟಪ್...

'ನೀ ಒಬ್ಬಾಕಿನs ನನ್ನ ಕೂಡ ಮಾತಾಡಾಕಿ,' ಅಂದುಕೊಳ್ಳುತ್ತಿದ್ದಳು ಹನಿಗೆ. 'ಅವರು ಈಗ ಏನ ಮಾಡಾಕತ್ತಿರಬೇಕು? ನನ್ನ ನೆನಪ ಐತೋ ಇಲ್ಲೋ?'

ಹನಿಯ ಸದ್ದು ಮಾತ್ರ ದಿನದಿನಕ್ಕೆ ಜೋರಾಯಿತು. ಒಂದು ಮುಂಜಾನೆ ನೋಡಿದರೆ ಬೋಗುಣಿ ತುಂಬಿ ಚೆಲ್ಲಿ, ಪೆಟ್ಟಿಗೆಯ ನೀರು ಅರ್ಧಕ್ಕೆ ಇಳಿದಿತ್ತು. ಒಂದು ಮೀನು ಮಗ್ಗುಲಾಗಿ ತೇಲುತ್ತಿತ್ತು.

ಕಳಕವ್ವ ಅದನ್ನು ಅಂಗೈಯಲ್ಲಿಟ್ಟುಕೊಂಡು ಅತ್ತಳು. ಮಾತು ಕೊಟ್ಟಿದ್ದೆನಲ್ಲ! ಉಳಿದದ್ದು ಮೂಲೆ ಸೇರಿ ನಡುಗುತ್ತಿತ್ತು. ಅದಕ್ಕೂ ಈಗ ಯಾರೂ ಇಲ್ಲ...

ಅಳುವ ಸದ್ದು ಕೇಳಿ ಜಂಗ್ಲಿಸಾಬನ ಹೆಂಡತಿ ರಮಜಾನಬಿ ಗೋಡೆಯ ಆಚೆಯಿಂದ ಇಣುಕಿದಳು. "ಯಾಕವಾ ಬೇಟಿ, ಯಾರ ಹೋದ್ರು?"

"ಮೀನ ಹೋತು ಚಾಚಿ. ಉಪ್ಪನೀರ ಎಲ್ಲಿಂದ ತರಲಿ? ಸಮುದ್ರ ಇಲ್ಲೈತೇನು?"

ರಮಜಾನಬಿ ಸೊಟ್ಟ ನಕ್ಕಳು. "ನಮ್ಮ ಹಿತ್ತಲದಾಗ ಐತಲ್ಲ. ನಮ್ಮ ಸವಳ ಬಾವಿ! ಎಮ್ಮಿ ಸೈತ ಆ ನೀರಿಗೆ ಮಾರಿ ತಿರವತೈತಿ. ನಾ ಮದಿವಿ ಆಗಿ ಬಂದಾಗಿಂದ ಆ ಬಾವಿನ್ನ ಬೈಕೋತನs ಬಂದೀನಿ. ಒಂದ ದಿನಾನಾದ್ರೂ ಕೆಲಸಕ್ಕ ಬರಲಿ."

ಇಬ್ಬರೂ ಸೇರಿ ಹಿತ್ತಲಿನ ಕಲ್ಲಿನ ಬಾನಿ ತಿಕ್ಕಿ ತೊಳೆದರು. ಸವಳು ನೀರು ಸೇದಿ ಹಾಕಿದರು. ಕಳಕವ್ವ ಪೆಟ್ಟಿಗೆಯ ನೀರನ್ನೊಮ್ಮೆ, ಬಾನಿಯ ನೀರನ್ನೊಮ್ಮೆ ನಾಲಿಗೆಗೆ ಹಚ್ಚಿ ನೋಡುತ್ತ, ಎರಡರ ರುಚಿ ಒಂದಾಗುವವರೆಗೆ ಉಪ್ಪು ಕರಗಿಸಿದಳು. ಪೆಟ್ಟಿಗೆಯಲ್ಲಿದ್ದ ಸಮುದ್ರವನ್ನೂ ಸುರಿದು, ಮೆಲ್ಲಗೆ ಮೀನು ಬಿಟ್ಟಳು.

ಮೀನು ತಳಕ್ಕೆ ಹೋಯಿತು. ಅಲುಗಲಿಲ್ಲ. ಆಮೇಲೆ... ಬಾಲ ಆಡಿಸಿತು!

ಇತ್ತ ಪೆಟ್ಟಿಗೆ ಒಣಗಿ ಖಾಲಿ ಬಿತ್ತು. ಖಾಲಿ ಬಿದ್ದದ್ದನ್ನು ಕಂಡರೆ ಆಯಿಗೆ ಆಗದು. ಹುಲ್ಲು ಹಾಸಿ, ತತ್ತಿ ಇಟ್ಟು, ಕಾವಿಗೆ ಬಂದ ಕೋಳಿಯನ್ನು ಅದರಲ್ಲಿ ಕೂರಿಸಿಬಿಟ್ಟಳು.

"ಆಯಿ! ಅದು ಅವರ ಪೆಟಗಿ!"

"ಇರಲೇಳ. ಗಾಜಿನ ಮನಿ, ಬೆಕ್ಕಿನ ಕಾಟಿಲ್ಲ. ಕೋಳಿ ನಸೀಬ ನೋಡು!"

ಎಳ್ಳ ಅಮಾಸೆ ಹತ್ತಿರ ಬಂತು. ಸಂತೆಯ ದಿನ ಆಯಿ ಸಂತೆಗೆ ಹೋಗಿದ್ದಳು. ಕಳಕವ್ವ ರಮಜಾನಬಿಯ ಹಿತ್ತಲಲ್ಲಿ ಬಾನಿಗೆ ನೀರು ಸೇದುತ್ತಿದ್ದಳು. ಸಂಜೆ ಆಯಿ ಬಂದಾಗ ಕಟ್ಟೆಯ ಮೇಲೆ ಒಂದು ತಗಡಿನ ಡಬ್ಬಿ ಇತ್ತು.

"ಯಾರ ಇಟ್ಟ ಹೋಗ್ಯಾರ ಇದನ್ನ? ಸುಣ್ಣ ಐತಿ." ಆಯಿ ಬೆರಳಿಂದ ಚೂರು ತೆಗೆದು ಎಲೆಗೆ ಹಚ್ಚಿ ಬಾಯಿಗಿಟ್ಟು, ಥೂ ಎಂದು ಉಗುಳಿದಳು. "ಸುಣ್ಣಕ್ಕ ಎಣ್ಣಿ ಹಾಕಿದ ಮೂಳ ಯಾರು!"

ಕಳಕವ್ವ ಕೇಳಿಸಿಕೊಳ್ಳಲಿಲ್ಲ. ಅವಳ ಕಿವಿಯೆಲ್ಲ ಬಸ್ಸಿನ ಹಾರ್ನಿನ ಕಡೆಗೆ.

ಅಮಾಸೆ ಬಂತು. ಹೋಯಿತು. ಅವನು ಬರಲಿಲ್ಲ.

"ನೋಡವಾ," ಅಂದಳು ಆಯಿ ಮರುದಿನ, ರೊಟ್ಟಿ ಬಡಿಯುತ್ತ. "ನರಗುಂದದವರು ನಿನ್ನ ಕೇಳಾಕತ್ತಾರ. ನಾ ಹಣ್ಣೆಲಿ. ನಾಳೆ ಉದುರಿದ್ರ ನಿನಗ ಯಾರದಾರ? ಅವರಿಗೆ ಹೂಂ ಅಂತೀನಿ."

ಕಳಕವ್ವ ಖಾಲಿ ಕೊಡ ಎತ್ತಿಕೊಂಡು ರಮಜಾನಬಿಯ ಹಿತ್ತಲಿಗೆ ಹೋದಳು. ಬಾನಿಯ ಅಂಚಿಗೆ ಕೂತಳು. ಒಂಟಿ ಮೀನು ಮೇಲೆ ಬಂದು ಅವಳನ್ನೇ ನೋಡಿತು.

'ನಾವಿಬ್ಬರೂ ಒಂದs. ಕರಕೊಂಡ ಬಂದವರು ಮರತ ಬಿಟ್ಟಾರ...'

ಆಗ ಊಟಕ್ಕೆಂದು ಜಂಗ್ಲಿಸಾಬ ಬಂದ. ಕಾಲು ತೊಳೆಯುತ್ತ ಅಂದ, "ಏನವಾ ಕಳಕವ್ವ, ನಿಮ್ಮ ಸಮುದ್ರದ ಸಾಹುಕಾರ ಅಸೂಟ್ಯಾಗ ಹಬ್ಬಾ ಮುಗಿಸಿ ಇವತ್ತ ಹೊಂಟಾನಲ್ಲ? ಬಸ್ಸಿಗೆ ಕುಂತಾನ. ಮಾರಿ ನೋಡಿದ್ರ ಮಯ್ಯತ ಮಣ್ಣ ಮಾಡಾಕ ಬಂದಾವರಂಗ ಐತಿ."

ಕಳಕವ್ವ ಎದ್ದು ನಿಂತಳು. "ಅವರು... ಬಂದಾರ?"

"ಸಂತಿ ದಿನಾನs ಇಳದಾನಲ್ಲ! ಕೈಯಾಗ ಡಬ್ಬಿ ಹಿಡಕೊಂಡು, ಮದುಮಗನಂಗ ನಕ್ಕೋತ ನಿಮ್ಮನಿ ಕಡೆನs ಹೋದ. ಯಾಕ, ಭೆಟ್ಟಿ ಆಗಿಲ್ಲ?"

ಡಬ್ಬಿ! ಎಣ್ಣೆ ಹಾಕಿದ ಸುಣ್ಣ!

ಕಳಕವ್ವನ ಕಣ್ಣ ಮುಂದೆ ಎಲ್ಲ ಬಂದು ನಿಂತಿತು. ತೆರೆದ ಬಾಗಿಲು, ಯಾರೂ ಇಲ್ಲದ ಮನೆ, ಸಮುದ್ರವಿರಬೇಕಾದಲ್ಲಿ... ಕೋಳಿ!

"ಚಾಚಾ, ಬಸ್ಸು ಎಷ್ಟೊತ್ತಿಗೆ?"

"ಈಗ ಹೊಂಡತೈತಿ."

ಅವಳು ಕೊಡವನ್ನು ಬಾನಿಯಲ್ಲಿ ಮುಳುಗಿಸಿ ಎತ್ತಿದಳು. ಮೀನು ಒಳಗೆ ಬಂದಿತ್ತು. ಕೊಡವನ್ನು ಟೊಂಕದ ಮೇಲಿಟ್ಟು ಓಡಿದಳು. ಊರವರು ನೋಡಿದರು. ನೋಡಲಿ!

ಬಸ್ಸಿನ ಯಂತ್ರ ಗುರುಗುಡುತ್ತಿತ್ತು. ಕಿಟಕಿಯ ಪಕ್ಕ ಅವನು.

"ಇಳೀರಿ!"

ಹಾಲಸಿದ್ದಪ್ಪ ಬೆಚ್ಚಿ ತಿರುಗಿದ. ಅವನ ಕಣ್ಣು ಒಂದು ಗಳಿಗೆ ಬೆಳಗಿತು, ಮರುಗಳಿಗೆ ಆರಿತು. "ಯಾಕ್ರಿ? ಸಮುದ್ರದಾಗ ಕೋಳಿ ಸಾಕೀರಿ. ಚಲೋ ಮಾಡೀರಿ. ಇನ್ನ ನನ್ನದೇನ ಕೆಲಸ?"

"ಸೋರೂದನ್ನ ತಂದು ಕೊಟ್ಟವರ್ಯಾರು? ಬಾಗಲದಾಗ ನಿಂತು, ಒಂದ ಮಾತ ಕೂಗಲಾರದs ಹೋದವರ್ಯಾರು?"

ಬಸ್ಸಿನಲ್ಲಿದ್ದ ಮುದುಕಿಯೊಬ್ಬಳು ಅಂದಳು, "ಇಳಿಯೋ ಯಪ್ಪಾ. ಹುಡುಗಿ ಕೊಡ ಹೊತ್ತ ನಿಂತಾಳ."

ಅವನು ಇಳಿದ.

ಕಳಕವ್ವ ಏದುಸಿರು ಬಿಡುತ್ತಿದ್ದಳು. "ಇದರಾಗ ಬೆರಳ ಅದ್ದರಿ. ನಾಲಗಿಗೆ ಹಚ್ಚಿ ನೋಡ್ರಿ."

ಅವನು ಅದ್ದಿದ. ನಾಲಿಗೆಗೆ ಹಚ್ಚಿದ. ಹಾಗೇ ನಿಂತುಬಿಟ್ಟ. ರೋಣದ ಬಿಸಿಲಲ್ಲಿ, ಧೂಳಲ್ಲಿ... ಅದೇ ರುಚಿ! ಕೊಡದೊಳಗೆ ಬಗ್ಗಿ ನೋಡಿದ. ಕಪ್ಪು ಚುಕ್ಕಿಯ ದುಂಡು ಮೀನು ಸುತ್ತುತ್ತಿತ್ತು.

"ಒಂದನ್ನ ಉಳಸಾಕ ಆಗಲಿಲ್ಲ," ಅಂದಳು ಕಳಕವ್ವ. "ಇದು ಒಬ್ಬಂಟಿ ಆತು. ನನ್ನಂಗ..."

ಹಾಲಸಿದ್ದಪ್ಪ ಕೊಡವನ್ನು ಅವಳ ಟೊಂಕದಿಂದ ತೆಗೆದು ತನ್ನ ಹೆಗಲಿಗೇರಿಸಿಕೊಂಡ. ಗಂಡಸು ಕೊಡ ಹೊತ್ತದ್ದು ನೋಡಿ ಸುತ್ತಲಿನವರು ನಕ್ಕರು. ಅವನು ಲೆಕ್ಕಿಸಲಿಲ್ಲ.

"ನನ್ನ ತಪ್ಪು," ಅಂದ. "ಮೊದಲ ಹಿಟ್ಟಿಗೆ ಅವಸರ ಮಾಡಿದೆ. ಆಮ್ಯಾಲ ನಿಮ್ಮ ಮ್ಯಾಲ ಸಿಟ್ಟ ಮಾಡ್ಕೊಳ್ಳಾಕೂ ಅವಸರ ಮಾಡಿದೆ."

ಬಸ್ಸು ಅವನನ್ನು ಬಿಟ್ಟು ಹೋಯಿತು.

ಆದರೆ ಮನೆಯಲ್ಲಿ ಆಯಿ ಬಾಗಿಲಿಗೇ ಅಡ್ಡ ನಿಂತಳು. "ಮರಿ ಒಡಿಯೂತನಕ ನನ್ನ ಕೋಳಿ ಎಬ್ಬಸಂಗಿಲ್ಲ! ಇಷ್ಟ ದಿನ ಕೂಡಸೀನಿ!"

"ನರಗುಂದದವರು?" ಮೆಲ್ಲಗೆ ಕೇಳಿದಳು ಕಳಕವ್ವ.

"ಅವರಿಗೂ ಕೋಳಿ ಏಳಲಿ ಅಂತ ಹೇಳ್ತೀನಿ," ಅಂದಳು ಆಯಿ, ಮುಖ ಆಚೆ ತಿರುಗಿಸಿ, ನಗು ಮುಚ್ಚಿಟ್ಟು.

ಹಾಲಸಿದ್ದಪ್ಪ ಕೆಲಸಕ್ಕೆ ಕಾರವಾರಕ್ಕೆ ಹೋಗಲೇಬೇಕಾಯಿತು. ಮತ್ತೆ ಒಂಟಿ ಮಧ್ಯಾಹ್ನಗಳು. ಕಳಕವ್ವ ಬಾನಿಯ ಅಂಚಿಗೆ ಕೂತು ಅದೇ ಮೀನಿಗೆ ಅದೇ ಮಾತು ಆಡಿದಳು. ಅವನು ಮತ್ತೆ ಬರುತ್ತಾನೋ ಇಲ್ಲವೋ ಎಂದು ಒಂದೊಂದು ದಿನ ಹೆದರಿಕೆಯಾಗುತ್ತಿತ್ತು. ಮರಿಗಳು ತತ್ತಿ ಒಡೆದು ಗಾಜಿನ ಆಚೆಯಿಂದ ಜಗತ್ತನ್ನು ನೋಡಿದವು, ಹೊರಗೆ ಬಂದವು. ಪೆಟ್ಟಿಗೆ ಮತ್ತೆ ಖಾಲಿಯಾಯಿತು.

ಹೋಳಿ ಹಬ್ಬಕ್ಕೆ ಅವನು ಬಂದ. ದೊಡ್ಡ ರಜೆ ಹಾಕಿ, ಡಬ್ಬಿ ತುಂಬ ಸಮುದ್ರದ ನೀರು ತುಂಬಿಕೊಂಡು. ಗಾಜು ಬಿಚ್ಚಿದ. ಹಳೆಯ ಹಿಟ್ಟನ್ನೆಲ್ಲ ಕೆರೆದು ತೆಗೆದ. ಕಳಕವ್ವ ಜೋಳದ ಹಿಟ್ಟು ನಾದುವಂತೆಯೇ ಸೀಮೆಸುಣ್ಣದ ಪುಡಿಗೆ ಅಗಸಿ ಎಣ್ಣೆ ಹಾಕಿ ನಾದಿ ನಾದಿ ಮೆತ್ತಗೆ ಮಾಡಿ ಕೊಟ್ಟಳು. ಗಾಜು ಕೂಡಿಸಿದ ಮೇಲೆ ಅವನು ಅವಸರ ಮಾಡಲಿಲ್ಲ. ದಿನಾ ಅಸೂಟಿಯಿಂದ ನಡೆದು ಬಂದು, ಉಗುರಿನಿಂದ ಮೆಲ್ಲಗೆ ಒತ್ತಿ ನೋಡಿ, "ಇನ್ನೂ ಹಸಿ ಐತಿ," ಅಂದು ಕಟ್ಟೆಯ ಮೇಲೆ ಕೂರುತ್ತಿದ್ದ.

"ಖರೇ ಹಸಿ ಐತೋ, ಇಲ್ಲಾ ನಮ್ಮನಿ ಮಜ್ಜಗಿ ರುಚಿ ಹತ್ತೈತೋ?" ಅಂತ ಆಯಿ ಕಾಡುತ್ತಿದ್ದಳು.

ಕೊನೆಗೊಂದು ಸಂಜೆ ಹಿಟ್ಟು ಕಲ್ಲಿನಂತೆ ಗಟ್ಟಿಯಾಗಿತ್ತು. ಸಮುದ್ರದ ನೀರು, ಸವಳ ಬಾವಿಯ ನೀರು ಎರಡನ್ನೂ ಕೂಡಿಸಿ ಸುರಿದರು. ಕೊನೆಯ ಕೊಡ ಕಳಕವ್ವನ ಕೈಯಲ್ಲಿತ್ತು. ಗೋಡೆಯ ಆಚೆಯಿಂದ ರಮಜಾನಬಿ ಕೂಗಿದಳು, "ಒಡಪ ಹಾಕಿ ಹೆಸರ ಹೇಳಿ ಸುರುವು, ಬೇಟಿ!"

ಮದುವೆಗೆ ಮುಂಚೆಯೇ ಗಂಡನ ಹೆಸರನ್ನು ಪದ ಕಟ್ಟಿ ಹೇಳುವುದೇ! ಕಳಕವ್ವ ಆಯಿಯನ್ನು ನೋಡಿದಳು. ಆಯಿ ಕೇಳಿಸದವಳಂತೆ ಕೂತಿದ್ದಳು. ಕಳಕವ್ವ ಕಣ್ಣು ಮುಚ್ಚಿದಳು.

"ಸವಳ ಬಾವ್ಯಾಗ ಸಿಕ್ಕಿತ ಸಮುದ್ರದ ನೀರ,
ಹಾಲಸಿದ್ದಪ್ಪನ್ನ ಬಿಟ್ಟ ನನಗ್ಯಾರ?"

ನೀರು ಸುರಿಯಿತು. ಅವನು ಕಣ್ಣು ಒರೆಸಿಕೊಳ್ಳಲು ಆಚೆ ತಿರುಗಿದ. ಅವನು ಈ ಸಲ ತಂದಿದ್ದ ಹೊಸ ಮೀನೂ ಹಳೆಯದೂ ಒಟ್ಟಿಗೆ ಇಳಿದವು.

ಆಯಿ ಮಾತ್ರ ಸುಲಭಕ್ಕೆ ಬಿಡುವವಳಲ್ಲ. ಒಲೆಯ ಬೂದಿ ಜರಡಿ ಹಿಡಿದು ಪೆಟ್ಟಿಗೆಯ ಕೆಳಗೆಲ್ಲ ತೆಳ್ಳಗೆ ಹರಡಿದಳು. "ಒಂದ ಹನಿ ಬಿದ್ರೂ ಕಲಿ ಕಾಣತೈತಿ. ಮುಂಜಾನೆ ನೋಡೂಣು."

ಮುಂಜಾನೆ ಅವನು ಅಸೂಟಿಯಿಂದ ಬರುವಷ್ಟರಲ್ಲಿ ಕಳಕವ್ವ ಪೆಟ್ಟಿಗೆಯ ಮುಂದೆ ಮೊಣಕಾಲೂರಿ ಕೂತಿದ್ದಳು. ಬಾಗಿ ನೋಡಿದಳು. ಬೂದಿ ಹಾಗೇ ಇತ್ತು. ಒಂದು ಕಲೆ ಇಲ್ಲ. ಮೂಲೆಯ ಕೆಳಗೆ ಬೆರಳಾಡಿಸಿದಳು. ಒಣಗಿತ್ತು.

ಅವನು ಬಾಗಿಲಲ್ಲಿ ನಿಂತಿದ್ದ. "ನಿಂತತಿ?"

"ನಿಂತತ್ರಿ." ಅವಳ ಕಣ್ಣಲ್ಲಿ ನೀರು. "ಆದ್ರ ಆ ಸಪ್ಪಳ ಇಲ್ಲದ ಮನಿ ಭಾಳ ಸುಮ್ಮನಾಗೇತಿ. ಅದೊಂದs ನನ್ನ ಕೂಡ ಮಾತಾಡತಿತ್ತು."

ಅವನು ಬಂದು ಅವಳ ಪಕ್ಕ ನೆಲಕ್ಕೆ ಕೂತ.

"ಹಂಗಾರ ಇನ್ನ ನಾ ಮಾತಾಡ್ತೀನಿ, ಕಳಕವ್ವ. ನೀ ಸಾಕ ಅನ್ನೂತನಕ."

"ಸಾಕ ಅನ್ನಂಗಿಲ್ರಿ," ಅಂದಳು ಅವಳು.

ಒಳಗಿನಿಂದ ಆಯಿ ಅಕ್ಕಿಕಾಳಿಗೆ ಅಕ್ಕಿ ಆರಿಸುವ ಸದ್ದು ಕೇಳುತ್ತಿತ್ತು.