ಹೆಲ್ಮಿ ಯಾರು?

“ಬಾಗಿಲು ಮುಚ್ಚಿ. ಬೆಳಕು ಬಿದ್ರೆ ಪರದೆ ಕಾಣಲ್ಲ.”

ಅಪರಿಚಿತನ ಮೊದಲ ಮಾತೇ ಇದು. ಸಿಗ್ನಿ ಬಾಗಿಲು ಮುಚ್ಚಲೂ ಇಲ್ಲ, ಕದಲಲೂ ಇಲ್ಲ.

ಅಮೆರಿಕದ ಉತ್ತರ ಮಿನ್ನೆಸೋಟದ ಆ ಸರೋವರ ಚಳಿಗಾಲದಲ್ಲಿ ಹೆಪ್ಪುಗಟ್ಟಿದರೆ, ಅವಳ ಅಪ್ಪ ಹಾರ್ಲನ್ ಅದರ ಮೇಲೆ ಹನ್ನೆರಡು ಮರದ ಗುಡಿಸಲುಗಳನ್ನಿಟ್ಟು ಮೀನು ಹಿಡಿಯುವವರಿಗೆ ಬಾಡಿಗೆಗೆ ಬಿಡುತ್ತಿದ್ದ. ಬೆಳಗಾದರೆ ಗುಡಿಸಲು ಬೆಚ್ಚಗಿಡುವ ಗ್ಯಾಸ್ ಸಿಲಿಂಡರ್ ಬದಲಿಸುವುದು, ಗಾಳ ಇಳಿಸಲು ನೆಲದಲ್ಲಿ ಕೊರೆದ ರಂಧ್ರಗಳಲ್ಲಿ ಮತ್ತೆ ಕಟ್ಟಿದ ಐಸ್ ಒಡೆಯುವುದು ಸಿಗ್ನಿಯ ಕೆಲಸ. ಕುಡಿದು ಮಲಗುವವರನ್ನು ಕಂಡಿದ್ದಳು, ಹೆಂಡತಿಯ ಕಾಟಕ್ಕೆ ಓಡಿಬಂದವರನ್ನೂ ಕಂಡಿದ್ದಳು. ಇಂಥವನನ್ನು ಕಂಡಿರಲಿಲ್ಲ. ರಂಧ್ರದೊಳಗೆ ಒಂದು ಕ್ಯಾಮೆರಾದ ತಂತಿ ಇಳಿದಿತ್ತು. ತೊಡೆಯ ಮೇಲೆ ಅದರ ಚಿತ್ರ ತೋರಿಸುವ ಪುಟ್ಟ ಪರದೆ. ಅಷ್ಟೇ.

“ಗಾಳ ಎಲ್ಲಿ?”

“ತಂದಿಲ್ಲ.”

“ಮತ್ತೆ ಮೀನು ಹಿಡಿಯೋದು ಹೇಗೆ?”

“ಹಿಡಿಯೋಕಲ್ಲ, ನೋಡೋಕೆ ಬಂದಿದೀನಿ.”

ಆಗ ಅವನು ತಲೆಯೆತ್ತಿದ. ನಿದ್ದೆಗೆಟ್ಟ ಬೂದುಗಣ್ಣುಗಳು. ಸಿಗ್ನಿಯ ಎದೆಯಲ್ಲಿ ಏನೋ ಜಾರಿದಂತಾಯಿತು. ಸಿಟ್ಟೋ, ಬೇರೇನೋ... ಅವಳಿಗೇ ತಿಳಿಯಲಿಲ್ಲ.

ಅವನ ಹೆಸರು ರಾಯ್ಸ್ ಲಾಹ್ತಿ. ಡುಲೂತ್ ಊರಿನಲ್ಲಿ ದೋಣಿ ಇಂಜಿನ್ ರಿಪೇರಿ ಮಾಡುವವನು. ಒಂದು ವಾರಕ್ಕೆಂದು ಬಂದವನು ಎರಡನೇ ವಾರವೂ ಉಳಿದ, ಮೂರನೇ ವಾರವೂ ಉಳಿದ.

ಅವನ ಗುಡಿಸಲಿನ ಸಿಲಿಂಡರ್ ಬದಲಿಸಲು ಸಿಗ್ನಿಗೆ ಈಗೀಗ ಒಂದು ಗಂಟೆ ಬೇಕಾಗುತ್ತಿತ್ತು.

“ತಂತಿ ನಿಧಾನ ತಿರುಗಿಸು,” ಎನ್ನುತ್ತಿದ್ದ ಅವನು. ಅವಳು ಬೆರಳುಗಳ ನಡುವೆ ತಂತಿಯನ್ನು ಹೊರಳಿಸಿದರೆ ಕೆಳಗೆ ಕ್ಯಾಮೆರಾ ತಿರುಗಿ, ಬಾಗಿದ ನೀರ್ಗಿಡಗಳು, ಹಸಿರು ಮಬ್ಬು ಕಾಣುತ್ತಿದ್ದವು. ಒಮ್ಮೆ ಪುಟಾಣಿ ಮೀನೊಂದು ಬಂದು ಕ್ಯಾಮೆರಾಗೇ ಮೂತಿ ಒತ್ತಿತು.

“ನಮ್ಮ ಚಿಕ್ಕಮ್ಮನ ಥರಾನೇ ಇದೆ,” ಎಂದಳು ಸಿಗ್ನಿ. “ಕಿಟಕಿಯಲ್ಲಿ ಹೀಗೇ ಇಣುಕ್ತಾಳೆ.”

ಅವನು ನಕ್ಕ. ಆ ನಗು ಅವಳ ಜೊತೆ ಮನೆಯವರೆಗೂ ಬಂತು.

‘ಇವನು ಯಾಕೆ ಉಳಿದಿದ್ದಾನೆ? ನನಗೋಸ್ಕರವಾ? ಹಾಗಿದ್ರೆ ನನ್ನ ಮುಖ ನೋಡದೆ ಪರದೆ ಯಾಕೆ ನೋಡ್ತಾನೆ?’

ಐಸ್ ಕರಗುವ ಮೊದಲು ಹೊರಟುಹೋದ ಒಬ್ಬನಿಗಾಗಿ ಅವಳು ಹಿಂದೊಮ್ಮೆ ಒಂದು ಬೇಸಿಗೆಯಿಡೀ ಕಾದಿದ್ದಳು. ಮತ್ತೆ ಕಾಯುವ ಶಕ್ತಿ ಇರಲಿಲ್ಲ.

ಆರನೇ ವಾರ. ಅಮ್ಮ ಓವನ್ನಿನಲ್ಲಿ ಬೇಯಿಸಿದ ಆಲೂಗಡ್ಡೆ ಹಾಟ್‌ಡಿಶ್‌ನ ಡಬ್ಬಿ ಹಿಡಿದು ಅವನ ಬಾಗಿಲಿಗೆ ಬಂದವಳು, ಒಳಗಿನ ಪಿಸುಮಾತು ಕೇಳಿ ನಿಂತುಬಿಟ್ಟಳು.

“ಮತ್ತೆ ಬಂದ್ಯಾ ಹೆಲ್ಮಿ... ಈ ಸಲ ಎಷ್ಟು ಕಾಯಿಸಿದೆ ನನ್ನ. ಸ್ವಲ್ಪ ಹತ್ರ ಬಾ. ಎಷ್ಟು ಚೆನ್ನಾಗಿದೀಯಾ...”

ಫೋನಿನಲ್ಲಿ ಯಾರದೋ ಮುಖ ನೋಡುತ್ತಾ ಮಾತಾಡುತ್ತಿದ್ದಾನೆ, ಎಂದುಕೊಂಡಳು. ಅಷ್ಟು ಮೃದುವಾಗಿ ಅವನು ತನ್ನೊಡನೆ ಎಂದೂ ಮಾತಾಡಿರಲಿಲ್ಲ.

ಡಬ್ಬಿಯನ್ನು ಹಿಮದ ಮೇಲೆ ಇಟ್ಟು ತಿರುಗಿದಳು. ಹೆಜ್ಜೆ ಸದ್ದಿಗೆ ಅವನು ಹೊರಬಂದ.

“ಸಿಗ್ನಿ! ಒಳಗೆ ಬಾ, ಬೇಗ...”

“ಯಾಕೆ? ಹೆಲ್ಮಿ ಇದಾಳಲ್ಲ.”

ಅವನ ಮುಖ ಅರಳಿತು. “ನಿಂಗೆ ಗೊತ್ತಾ? ನಿನಗೂ ತೋರಿಸ್ಬೇಕು ಅಂತಿದ್ದೆ!”

ಎಂಥ ಮನುಷ್ಯ ಇವನು... “ನನಗೆ ತೋರಿಸಬೇಡ,” ಎಂದಳು. “ನಾಳೆಯಿಂದ ಸಿಲಿಂಡರ್ ಅಪ್ಪ ತರ್ತಾರೆ.”

“ನಾನೇನು ತಪ್ಪು ಮಾಡ್ದೆ?”

ಅವಳು ಹಿಂತಿರುಗಿ ನೋಡದೆ ದಡದತ್ತ ನಡೆದಳು. ಅವನಿಗೆ ತಲೆಬುಡ ತಿಳಿಯಲಿಲ್ಲ.

ನಾಲ್ಕು ದಿನ ಅವಳು ಆ ಕಡೆ ಸುಳಿಯಲಿಲ್ಲ. ಐದನೇ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಹಾರ್ಲನ್ ಹೇಳಿದ, “ಲಾಹ್ತಿ ಹುಡುಗ ಇವತ್ತು ಖಾಲಿ ಮಾಡ್ತಾನಂತೆ. ಪಾಪ, ಹೆಲ್ಮಿನ ಬಿಟ್ಟುಹೋಗೋಕೆ ಸಂಕಟ ಇರ್ಬೇಕು.”

ಸಿಗ್ನಿಯ ಚಮಚ ನಿಂತಿತು. “ನಿಮಗೆ ಹೆಲ್ಮಿ ಗೊತ್ತಾ?”

“ನಿನ್ನೆ ತೋರಿಸಿದ. ಎಡಗಡೆ ಬಿಳಿ ಮಚ್ಚೆ, ಉದ್ದ ಇಷ್ಟು...” ಎಂದು ಎರಡೂ ಕೈ ಅಗಲಿಸಿದ. “ಇಪ್ಪತ್ತು ಪೌಂಡಿಗೆ ಮೋಸ ಇಲ್ಲ. ಅಂಥಾ ಪೈಕ್ ಮೀನು ನಾನೇ ನೋಡಿರ್ಲಿಲ್ಲ.”

“ಮೀನಾ?”

“ಮತ್ತೇನು ಹೆಂಗಸು ಅಂದ್ಕೊಂಡ್ಯಾ?”

ಅವಳು ಕೋಟಿನ ಗುಂಡಿಯನ್ನೂ ಹಾಕದೆ, ಹಿಮದ ಮೇಲೆ ಓಡುವ ಸ್ನೋಮೊಬೈಲ್ ಹತ್ತಿದ್ದಳು.

ರಾಯ್ಸ್ ತಂತಿ ಸುತ್ತುತ್ತಿದ್ದ. ಅವಳನ್ನು ಕಂಡು ಕೈ ನಿಲ್ಲಿಸಿದ.

“ಹೆಲ್ಮಿ ಮೀನು ಅಂತ ಯಾಕೆ ಹೇಳ್ಲಿಲ್ಲ?”

“ಮೀನಲ್ಲದೆ ಇನ್ನೇನು...” ಎಂದವನು ನಿಂತ. ನಿಧಾನವಾಗಿ ಅರ್ಥವಾಯಿತು. “ಅಯ್ಯೋ. ಸಿಗ್ನಿ...”

“ನಗಬೇಡ.”

“ನಗ್ತಿಲ್ಲ.” ನಿಜಕ್ಕೂ ನಗುತ್ತಿರಲಿಲ್ಲ. ಸ್ಟೂಲಿನ ಮೇಲೆ ಕೂತು ಹೇಳಿದ. “ಹೋದ ಚಳಿಗಾಲದಲ್ಲಿ ಅಪ್ಪನೂ ನಾನೂ ಇದೇ ಸರೋವರದ ಆಚೆ ದಡದಲ್ಲಿ ಅವಳನ್ನ ಹಿಡಿದಿದ್ವಿ. ಅಪ್ಪ ವಾಪಸ್ ನೀರಿಗೇ ಬಿಟ್ಟುಬಿಟ್ರು. ‘ನಮ್ಮಜ್ಜಿ ಹೆಲ್ಮಿ ಥರ ಇದಾಳೆ, ಯಾರ ಮನೇಲೂ ಇರೋಳಲ್ಲ’ ಅಂದ್ರು. ಏಪ್ರಿಲ್‌ನಲ್ಲಿ ಅಪ್ಪ ತೀರಿಹೋದ್ರು. ಅವರು ಬದುಕಲಿ ಅಂತ ಬಿಟ್ಟ ಜೀವ... ಇದೆಯಾ ಇಲ್ವಾ ಅಂತ ನೋಡ್ಬೇಕಿತ್ತು.”

ಸಿಗ್ನಿ ಬಳಿ ಬಂದು ಅವನ ತಣ್ಣನೆಯ ಬೆರಳುಗಳನ್ನು ಹಿಡಿದಳು. ನಾಲ್ಕು ದಿನದ ಅಳು ಈಗ ಬಂತು.

“ಅದಕ್ಕೇ ಆರು ವಾರ ಉಳಿದೆಯಾ?”

“ಅವಳು ಮೊದಲನೇ ವಾರದಲ್ಲೇ ಸಿಕ್ಕಿದ್ಲು.”

“ಮತ್ತೆ ಉಳಿದ ಐದು ವಾರ?”

ರಾಯ್ಸ್ ಪರದೆಯನ್ನು ಬದಿಗಿಟ್ಟ. “ಐದು ವಾರದಿಂದ, ನೀನು ಪಕ್ಕದಲ್ಲಿದ್ರೆ ಆ ಪರದೇಲಿ ಏನಿದೆ ಅಂತಾನೇ ನಂಗೆ ಗೊತ್ತಾಗ್ತಿರ್ಲಿಲ್ಲ, ಸಿಗ್ನಿ. ನಿನ್ನ ಮುಖ ನೋಡಿದ್ರೆ ಮಾತು ತಪ್ಪುತ್ತೆ ಅಂತ ಅದನ್ನ ನೋಡ್ತಿದ್ದೆ.”

ಹೊರಗೆ ಚಳಿಗೆ ಬಿರಿಯುವ ಐಸ್ ದೀರ್ಘವಾಗಿ ಗುಡುಗಿತು.

“ನಿಮ್ಮಪ್ಪ ಬೇಸಿಗೆಗೆ ದೋಣಿಗಳ ಕೆಲಸ ಇದೆ, ಇರ್ತೀಯಾ ಅಂದ್ರು,” ಎಂದ ಅವನು. “ನಾನಿನ್ನೂ ಏನೂ ಹೇಳಿಲ್ಲ.”

“ಯಾಕೆ?”

“ಯಾರನ್ನ ಕೇಳ್ಬೇಕೋ ಅವರು ನಾಲ್ಕು ದಿನದಿಂದ ಮಾತು ಬಿಟ್ಟಿದ್ರು.”

ಸಿಗ್ನಿ ಅಂಗೈಯಿಂದ ಕೆನ್ನೆ ಒರೆಸಿಕೊಂಡಳು. “ಈಗ ಕೇಳು.”

“ಇರ್ಲಾ?”

“ಇರು.”