ಏಳನೇ ಪಾತಿಯ ಜಲ್ಲಿ

ಬಾಡಿದ ಗುಲಾಬಿ ಗಿಡ ಕಿತ್ತಾಗ ಬೇರು ಕಪ್ಪಗಿತ್ತು. ಚರಂಡಿಯ ನಾತ. ಮೇಸ್ತ್ರಿ ಮೂಗು ಮುಚ್ಚಿಕೊಂಡು ಹಾರೆ ಹಾಕಿದ. ಒಂದು ಮೊಳದಷ್ಟು ಮಣ್ಣು, ಕೆಸರಾಗಿ ಕುಳಿತಿತ್ತು. ಅದರಡಿ ಜಲ್ಲಿಕಲ್ಲು. ಜಲ್ಲಿಯಡಿ ಕರಿ ಪ್ಲಾಸ್ಟಿಕ್ ಹಾಳೆ. ಹಾಳೆ ಹರಿದಲ್ಲಿ ಒಂದು ರವಿಕೆಯ ತೋಳು.

ಪಕ್ಕದ ಪಾತಿಗೆ ನೀರು ಬಿಡುತ್ತಿದ್ದ ಹೆಂಗಸು ಬಂದು ಬಗ್ಗಿದಳು. ನರ್ಸರಿಯಲ್ಲಿ ಎಲ್ಲರೂ ಅವಳನ್ನು ನೀರಮ್ಮ ಎನ್ನುತ್ತಿದ್ದರು. ತೋಳಿಗೆ ಹಾಕಿದ್ದ ತೇಪೆ ಅವಳದೇ ಹೊಲಿಗೆ. ಕೈಯಲ್ಲಿದ್ದ ಪೈಪು ಜಾರಿತು. ನೀರು ಹರಿಯುತ್ತಲೇ ಇತ್ತು.

* * *

ಇನ್ಸ್‌ಪೆಕ್ಟರ್ ಪ್ಲಾಸ್ಟಿಕ್ ಚಾವಣಿಯ ಪಾಲಿಹೌಸ್‌ನ ಬಾಗಿಲಲ್ಲೇ ನಿಂತುಬಿಟ್ಟಳು. ಮೂರು ವಾರದ ಹಿಂದೆ ಇದೇ ನೀರಮ್ಮ, ನರ್ಸರಿಯಲ್ಲೇ ಕೂಲಿಗಿದ್ದ ಮಗಳು ಕಾಣುತ್ತಿಲ್ಲವೆಂದು ಠಾಣೆಗೆ ಬಂದಿದ್ದಳು. ನರ್ಸರಿಯ ಮಾಲೀಕ ಫೋನಿನಲ್ಲಿ ಹೇಳಿದ್ದ: "ಲಾರಿ ಡ್ರೈವರ್ ಜೊತೆ ಓಡಿಹೋಗಿದಾಳೆ ಮೇಡಂ." ಇನ್ಸ್‌ಪೆಕ್ಟರ್ ಹಾಗೇ ಬರೆದು ಕಡತ ಮುಚ್ಚಿದ್ದಳು. ಕೂಲಿ ಹೆಂಗಸಿನ ಮಗಳು ಕಳೆದುಹೋದರೆ ಹುಡುಕುವುದಕ್ಕಿಂತ ಓಡಿಸಿಬಿಡುವುದು ಸುಲಭ.

ಮಾಲೀಕ ಕರವಸ್ತ್ರದಿಂದ ಕತ್ತು ಒರೆಸಿಕೊಂಡ. "ಆ ಡ್ರೈವರ್‌ದೇ ಕೆಲಸ. ಈ ಏಳನೇ ಪಾತಿಗೆ ಹೊಸ ಗಿಡ ನೆಟ್ಟವನೂ ಅವನೇ. ಆವತ್ತೇ ಕೆಲಸ ಬಿಟ್ಟು ಹೋದ. ಜಲ್ಲಿ ತರ್ತಿದ್ದದ್ದೂ ಅವನ ಲಾರೀಲೇ."

ಸಿಮೆಂಟ್ ಗೋಡೌನೊಂದರಲ್ಲಿ ಸಿಕ್ಕಿದ ಡ್ರೈವರ್ ಸಂಜೆಯ ಹೊತ್ತಿಗೆ ಲಾಕಪ್‌ನಲ್ಲಿದ್ದ. ತುಟಿ ಒಡೆದಿತ್ತು. ದಫೇದಾರನ ಕೈ ಯಾವಾಗಲೂ ಬಾಯಿಗಿಂತ ಮುಂದು.

"ಕೆಲಸ ಬಿಡಲಿಲ್ಲ ಮೇಡಂ, ಬಿಡಿಸಿದ್ರು. ಕಾರಣ ಹೇಳಲಿಲ್ಲ. ಗುದ್ದಲಿ ನಾನು ಮುಟ್ಟಿದವನೇ ಅಲ್ಲ. ಹುಡುಗೀನ ಓಡಿಸ್ಕೊಂಡು ಹೋದೋನು ಗೋಡೌನ್‌ನಲ್ಲಿ ಸಿಮೆಂಟ್ ಮೂಟೆ ತಬ್ಕೊಂಡು ಮಲಗ್ತಾನಾ?"

ದಫೇದಾರನಿಗೆ ನಗು ಬಂತು. ಇನ್ಸ್‌ಪೆಕ್ಟರ್ ನಗಲಿಲ್ಲ.

* * *

ನೀರಮ್ಮ ನಲ್ಲಿಯ ಕಟ್ಟೆಯ ಮೇಲೆ ಕುಳಿತಿದ್ದಳು.

"ಅಮ್ಮ, ಗಿಡ ಬಾಡ್ತಿದ್ದದ್ದು ನಿಮಗೆ ಕಾಣಲಿಲ್ವಾ?"

"ಕಾಣ್ತು. ಎಲೆ ಜೋತುಬಿದ್ದಿತ್ತು. 'ದಾಹಕ್ಕೆ ಬಾಡ್ತಿದೆ, ಎರಡು ಹೊತ್ತೂ ಬಿಡು' ಅಂದ್ರು ಸಾಹೇಬ್ರು. ಬಿಟ್ಟೆ. ಮಣ್ಣಿಗೆ ಬೆರಳು ಹಾಕಿ ನೋಡ್ದೆ ನೀರು ಬಿಡೋಳಲ್ಲ ನಾನು. ಆದ್ರೆ ಆಗ ನನ್ನ ಬುದ್ಧಿ ನನ್ನ ಹತ್ರ ಇರಲಿಲ್ಲ."

"ನೀರಿದ್ದೂ ಯಾಕೆ ಬಾಡಿತು?"

"ಮಣ್ಣಿನ ಸಂದಿಲೆಲ್ಲ ನೀರೇ ತುಂಬಿದ್ರೆ ಗಾಳಿ ಎಲ್ಲಿ ಹೋಗ್ಬೇಕು? ಬೇರಿಗೂ ಉಸಿರು ಬೇಕಲ್ಲ. ಉಸಿರುಗಟ್ಟಿದ ಬೇರು ನೀರೂ ಕುಡಿಯಲ್ಲ. ಮೇಲಿಂದ ನೋಡಿದೋರಿಗೆ ದಾಹದ ಥರಾನೇ ಕಾಣುತ್ತೆ."

"ಜಲ್ಲಿ ಇತ್ತಲ್ಲ ಕೆಳಗೆ? ನೀರು ಬಸಿದು ಹೋಗಲ್ವಾ?"

ನೀರಮ್ಮ ಮೊದಲ ಸಲ ತಲೆಯೆತ್ತಿದಳು. "ನೀವೂ ಅದನ್ನೇ ಅಂತೀರಾ? ಒದ್ದೆ ಬಟ್ಟೆ ಕಲ್ಲಿನ ಮೇಲಿಟ್ಟು ನೋಡಿ. ಬಟ್ಟೆ ನೀರನ್ನ ಬಿಡುತ್ತಾ? ತುಂಬಿ ತುಳುಕಿದ ಮೇಲೇ ಹನಿ ಕೆಳಗಿಳಿಯೋದು. ಸಣ್ಣ ಮಣ್ಣೂ ಹಾಗೇ. ಜಲ್ಲಿ ಇದ್ರೆ ನೀರು ಅದರ ಮೇಲೇ ಕೂತ್ಬಿಡುತ್ತೆ. ಸಾಹೇಬ್ರು ಮೊದಲನೇ ವರ್ಷ ಹಾಕಿಸಿದ್ರು. ಎಲ್ಲ ಕೊಳೆತುಹೋಯ್ತು. ಆಮೇಲೆ ನಾವು 'ಆಯ್ತು ಸಾರ್' ಅಂತೀವಿ, ಹಾಕಲ್ಲ. ಜಲ್ಲಿ ಹಿತ್ತಿಲಲ್ಲಿ ರಾಶಿ ಬಿದ್ದಿದೆ."

"ಅವರಿಗೆ ಗೊತ್ತಾ?"

"ಅವರ್ಯಾವತ್ತು ಮಣ್ಣು ಮುಟ್ಟಿದಾರೆ ಗೊತ್ತಾಗಕ್ಕೆ?"

* * *

ಮಾಲೀಕನ ಕೋಣೆಯಲ್ಲಿ ತಣ್ಣನೆ ಗಾಳಿ. ಗೋಡೆಯ ಮೇಲೆ ಪದವಿ ಪತ್ರ.

"ಒಂದು ಅನುಮಾನ ಸಾರ್," ಎಂದಳು ಇನ್ಸ್‌ಪೆಕ್ಟರ್. "ಹೆಣ ಹೂತವನು ಜಲ್ಲಿ ಯಾಕೆ ಹರಡಿದ?"

"ಅದರಲ್ಲೇನಿದೆ? ನಮ್ಮ ಎಲ್ಲ ಪಾತೀಲೂ ಜಲ್ಲಿ ಇದೆ. ಇದೂ ಹಾಗೇ ಇರ್ಲಿ, ನೀರು ಬಸಿದು ಗಿಡ ಚೆನ್ನಾಗಿ ಬೆಳೀಲಿ, ಯಾರಿಗೂ ಗೊತ್ತಾಗದಿರ್ಲಿ ಅಂತ."

"ಇಪ್ಪತ್ತೆರಡು ಪಾತಿ ಅಗೆಸಿದೆ. ಜಲ್ಲಿ ಇರೋದು ಏಳನೇದರಲ್ಲಿ ಮಾತ್ರ."

ಮಾಲೀಕನ ಮುಖ ಕಪ್ಪಿಟ್ಟಿತು.

"ನಿಮ್ಮ ಆಳುಗಳಿಗೆಲ್ಲ ಇದು ಗೊತ್ತಿತ್ತು. ಮೇಸ್ತ್ರಿಗೂ, ಡ್ರೈವರ್‌ಗೂ. ಅವರಲ್ಲಿ ಯಾರೇ ಹೂತಿದ್ರೂ ಬರೀ ಮಣ್ಣು ಮುಚ್ತಿದ್ರು, ಗಿಡಾನೂ ಬದುಕ್ತಿತ್ತು. ಎಲ್ಲ ಪಾತೀಲೂ ಜಲ್ಲಿ ಇದೆ ಅಂತ ನಂಬಿದ್ದವರು ಇಲ್ಲಿ ಒಬ್ಬರೇ. ಅವರೇ ಏಳನೇದನ್ನ ಉಳಿದವುಗಳ ಹಾಗೆ ಮಾಡೋಕೆ ಹೋದ್ರು."

"ಜಲ್ಲಿಕಲ್ಲು ಕೋರ್ಟಲ್ಲಿ ಸಾಕ್ಷಿ ಹೇಳುತ್ತಾ?"

"ಪ್ಲಾಸ್ಟಿಕ್ ಹೇಳುತ್ತೆ. ಹಾಳೆ ಕತ್ತರಿಸಿದ ಸುರುಳಿ ನಿಮ್ಮ ಉಗ್ರಾಣದಲ್ಲಿ ಸಿಕ್ಕಿದೆ. ಕತ್ತರಿಸಿದ ಅಂಚಿಗೆ ಅಂಚು ಕೂಡುತ್ತೆ. ಬೀಗದ ಕೈ ಇರೋದು ನಿಮ್ಮ ಸೊಂಟದಲ್ಲಿ."

ಮಾಲೀಕನ ಕೈ ಸೊಂಟದ ಬೀಗದ ಕೈಗೆ ಹೋಯಿತು. ಆಮೇಲೆ ಅವನು ಬಾಯಿಬಿಟ್ಟ. "ನಾನು ಕೊಂದಿಲ್ಲ. ರಜೆ ದಿನ. ಹುಡುಗಿ ಗಿಡಕ್ಕೆ ಔಷಧಿ ಹೊಡೀತಿದ್ಲು. ಆವಿ ಹೊರಗೆ ಹೋಗಬಾರ್ದು ಅಂತ ಪಾಲಿಹೌಸ್ ಬಾಗಿಲು ಹಾಕಿಸಿದ್ದೆ. ಬಿದ್ದಳು. ಸುದ್ದಿಯಾದ್ರೆ ನರ್ಸರಿಗೆ ಬೀಗ ಹಾಕಿಸ್ತಿದ್ರಿ ನೀವು."

"ಮುಖಕ್ಕೆ ಏನಾದ್ರೂ ಕೊಟ್ಟಿದ್ರಾ?"

"ಕರ್ಚೀಫ್ ಕಟ್ಕೊಳ್ತಿದ್ರು ಅವರು."

"ಬಿದ್ದಾಗ ಉಸಿರಾಡ್ತಿದ್ಲಾ?"

ಅವನು ಮೇಜು ನೋಡಿದ. "ಸ್ವಲ್ಪ ಹೊತ್ತು."

"ಆಸ್ಪತ್ರೆ ಎಷ್ಟು ದೂರ?"

ಕಿಟಕಿಯಿಂದ ಆಸ್ಪತ್ರೆಯ ಕಟ್ಟಡ ಕಾಣುತ್ತಿತ್ತು.

* * *

ನೀರಮ್ಮ ಠಾಣೆಯ ಮೆಟ್ಟಿಲ ಮೇಲೆ ಕಾಯುತ್ತಿದ್ದಳು. ಇನ್ಸ್‌ಪೆಕ್ಟರ್ ಪಕ್ಕದಲ್ಲೇ ಕುಳಿತು ಎಲ್ಲ ಹೇಳಿದಳು. ಹೇಳುವಾಗ ಅವಳ ಕಣ್ಣು ನೆಲದಲ್ಲಿತ್ತು.

"ಓಡಿಹೋಗಿದಾಳೆ ಅಂತ ನೀವೂ ಬರ್ದಿದ್ರಲ್ಲ ತಾಯಿ."

"ಅದನ್ನ ಹೊಡೆದುಹಾಕ್ತೀನಿ ಅಮ್ಮ. ಇವತ್ತೇ."

"ಹೊಡೆದುಹಾಕಿ. ಕಾಗದ ನಿಮ್ಮದು, ಪೆನ್ನೂ ನಿಮ್ಮದು." ನೀರಮ್ಮ ತನ್ನ ಅಂಗೈಗಳನ್ನು ನೋಡಿಕೊಂಡಳು. "ಇಪ್ಪತ್ತೊಂದು ದಿನ, ಎರಡು ಹೊತ್ತು, ಆ ಪಾತಿ ಮುಂದೆ ನಿಂತು ನೀರು ಬಿಟ್ಟಿದೀನಿ. ಬಿಡ್ತಾ ಬಿಡ್ತಾ ಅವಳನ್ನೇ ಬೈದಿದೀನಿ. ಮಾನ ಕಳೆದಳು, ಹಾಳಾಗಿ ಹೋಗ್ಲಿ, ನನ್ನ ಪಾಲಿಗೆ ಸತ್ತಳು ಅಂತ. ಅವಳ ತಲೆ ಮೇಲೇ ನಿಂತು ಅಂದಿದೀನಿ."

ಇನ್ಸ್‌ಪೆಕ್ಟರ್ ಅವಳ ಹೆಗಲ ಮೇಲೆ ಕೈಯಿಡಲು ಹೋದಳು. ನೀರಮ್ಮ ಮೆಲ್ಲಗೆ ಒಂದು ಮೆಟ್ಟಿಲು ಕೆಳಗೆ ಸರಿದು ಕುಳಿತಳು.